ಕೊಟ್ಟು ಪಡೆಯುವ ಸಕ್ಕರೆ ಅಚ್ಚು

ಜನವರಿ ತಿಂಗಳ ನಡುಭಾಗ. ಹಳೆಯ ಮೈಸೂರು ಸೀಮೆಯ ಯಾವುದೇ ಊರಿನ ಬೀದಿಯಲ್ಲಿ ಸಂಕ್ರಾಂತಿಯ ಸಂಜೆ ನಿಂತರೆ ಈ ದೃಶ್ಯ ಕಣ್ಣಿಗೆ ಬೀಳದಿರುವುದಿಲ್ಲ. ಹೊಸ ಲಂಗ ತೊಟ್ಟ ಹುಡುಗಿಯೊಬ್ಬಳು ಎರಡೂ ಕೈಯಲ್ಲಿ ತಟ್ಟೆ ಹಿಡಿದು ಮನೆಯಿಂದ ಮನೆಗೆ ನಡೆಯುತ್ತಾಳೆ. ತಟ್ಟೆಯ ಮೇಲೆ ಕಸೂತಿ ಹಾಕಿದ ಬಟ್ಟೆ ಮುಚ್ಚಿದೆ. ಅದರ ಕೆಳಗೆ ಎಳ್ಳು-ಬೆಲ್ಲದ ಪೊಟ್ಟಣಗಳು, ಬಾಳೆಹಣ್ಣು, ಕಬ್ಬಿನ ತುಂಡುಗಳು, ಎಲೆ ಅಡಿಕೆ. ಇವುಗಳ ನಡುವೆ ಹಾಲುಬಿಳುಪಿನ ಒಂದು ಆನೆ, ಒಂದು ಗೋಪುರ, ಒಂದು ಹಕ್ಕಿ. ಮೂರೂ ಸಕ್ಕರೆಯವು.

ಬಾಗಿಲು ತೆರೆದ ಮನೆಯಾಕೆ ಪೊಟ್ಟಣವನ್ನೂ ಆನೆಯನ್ನೂ ಎತ್ತಿಕೊಳ್ಳುತ್ತಾರೆ. ಆನೆಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. "ಸೊಂಡಿಲು ಮುರಿಯದೆ ಬಂದಿದೆಯಲ್ಲೇ! ನಿಮ್ಮಮ್ಮ ಪಾಕ ಚೆನ್ನಾಗಿ ತೆಗೆದಿದಾರೆ" ಎನ್ನುತ್ತಾರೆ. ಆಮೇಲೆ ಒಳಗೆ ಹೋಗಿ ತಮ್ಮ ಮನೆಯ ಎಳ್ಳು-ಬೆಲ್ಲವನ್ನೂ ತಮ್ಮದೇ ಅಚ್ಚಿನ ತುಳಸಿಕಟ್ಟೆಯನ್ನೂ ತಂದು ಅದೇ ತಟ್ಟೆಯಲ್ಲಿ ಇಡುತ್ತಾರೆ. ತಟ್ಟೆ ಖಾಲಿ ಹಿಂದಿರುಗಬಾರದು. ಇದು ಬರೆದಿಡದ ಕಾನೂನು.

ಇದಕ್ಕೆ ನಮ್ಮವರು ಇಟ್ಟ ಹೆಸರು 'ಎಳ್ಳು ಬೀರುವುದು'. ಹೆಸರು ಎಳ್ಳಿನದಾದರೂ, ಮಕ್ಕಳ ಕಣ್ಣು ಮೊದಲು ಹೋಗುವುದು ಸಕ್ಕರೆ ಅಚ್ಚಿನ ಕಡೆಗೆ. ಮನೆಯಲ್ಲಿ ಕೈಯಾರೆ ಮಾಡಿದ ಪುಟ್ಟ ವಸ್ತುವನ್ನು, ಅಂಥದ್ದನ್ನೇ ಮಾಡಬಲ್ಲ ಇನ್ನೊಬ್ಬರಿಗೆ ಕೊಟ್ಟು, ಅವರು ಮಾಡಿದ್ದನ್ನು ಪಡೆಯುವ ಈ ಪದ್ಧತಿಯಲ್ಲಿ ರಸಾಯನ ವಿಜ್ಞಾನವಿದೆ, ಲೆಕ್ಕವಿದೆ. ಪಠ್ಯಪುಸ್ತಕ ಹೇಳದ ಇನ್ನೊಂದು ಪಾಠವೂ ಇದೆ.

ಲಾಭವಿಲ್ಲದ ಲೆಕ್ಕ

ಮೊದಲು ಲೆಕ್ಕವನ್ನೇ ನೋಡೋಣ. ಒಂದು ಬೀದಿಯಲ್ಲಿ 12 ಮನೆಗಳಿವೆ ಎಂದಿಟ್ಟುಕೊಳ್ಳಿ. ಪ್ರತಿ ಮನೆಯವರೂ ಉಳಿದ ಎಲ್ಲ ಮನೆಗಳೊಂದಿಗೆ ಒಂದೊಂದು ಅಚ್ಚನ್ನು ವಿನಿಮಯ ಮಾಡಿಕೊಂಡರೆ ಒಟ್ಟು ಎಷ್ಟು ವಿನಿಮಯ? 12ನ್ನು 11ರಿಂದ ಗುಣಿಸಿ 2ರಿಂದ ಭಾಗಿಸಿದರೆ 66. ಕೈ ಬದಲಾಯಿಸಿದ ಅಚ್ಚುಗಳು 132. ಪ್ರತಿ ಮನೆಯಿಂದ ಹೋದದ್ದು 11, ಬಂದದ್ದೂ 11. ತಕ್ಕಡಿಯಲ್ಲಿಟ್ಟು ತೂಗಿದರೆ ಯಾರಿಗೂ ಲಾಭವಿಲ್ಲ, ನಷ್ಟವೂ ಇಲ್ಲ.

ಹಾಗಾದರೆ ಇಷ್ಟೆಲ್ಲ ಓಡಾಟ ಏಕೆ? ಅವರವರು ಮಾಡಿದ್ದನ್ನು ಅವರವರೇ ತಿಂದರೆ ಸಾಲದೆ? ಲೆಕ್ಕ ಬಲ್ಲ ಹುಡುಗ ಕೇಳಬಹುದಾದ ನ್ಯಾಯವಾದ ಪ್ರಶ್ನೆಯೇ ಇದು. ಉತ್ತರಕ್ಕೆ ಡಬ್ಬಿಯ ಒಳಗೆ ಇಣುಕಬೇಕು. ಬೆಳಿಗ್ಗೆ ಆ ಡಬ್ಬಿಯಲ್ಲಿ ಇದ್ದದ್ದು ಒಂದೇ ಅಚ್ಚಿನ ಹನ್ನೊಂದು ಆನೆಗಳು. ಸಂಜೆಗೆ ಅದರಲ್ಲಿ ನವಿಲಿದೆ, ಹಸುವಿದೆ, ದೀಪದ ಕಂಬವಿದೆ, ಗೋಪುರವಿದೆ. ಹನ್ನೊಂದು ಮನೆಗಳ ಕೈಗುಣ ಒಂದು ಡಬ್ಬಿಯೊಳಗೆ ಸೇರಿದೆ. ತೂಕ ಬದಲಾಗಲಿಲ್ಲ, ಬಗೆ ಹೆಚ್ಚಿತು. ಒಂದು ಮನೆ ಹೊಸದೊಂದು ಅಚ್ಚು ತಂದರೆ ಅದರ ಸಂತೋಷ ಹನ್ನೆರಡು ಮನೆಗೂ ಹಂಚಿಹೋಗುತ್ತದೆ.

ಹದಿನೈದು ದಿನಗಳ ತಯಾರಿ

ಇದು ಒಂದು ದಿನದ ಕೆಲಸವಲ್ಲ. ಸಂಕ್ರಾಂತಿಗೆ ಹದಿನೈದು ದಿನ ಇರುವಾಗಲೇ ಮನೆಗಳಲ್ಲಿ ಸಿದ್ಧತೆ ಆರಂಭವಾಗುತ್ತಿತ್ತು. ಕೊಬ್ಬರಿಯ ಬೆನ್ನಿನ ಕಂದು ಸಿಪ್ಪೆಯನ್ನು ಹೆರೆದು, ಬಿಳಿಯ ತಿರುಳನ್ನು ಸಣ್ಣಗೆ ಒಂದೇ ಅಳತೆಗೆ ಹೆಚ್ಚಬೇಕು. ಬೆಲ್ಲದ ಅಚ್ಚನ್ನು ಅಡಕತ್ತರಿಯಿಂದ ಚೂರು ಮಾಡಬೇಕು. ಎರಡನ್ನೂ ಬಿಸಿಲಿಗೆ ಹರಡಿ ಒಣಗಿಸಬೇಕು. ಕಡಲೆಕಾಯಿ ಬೀಜ ಹುರಿದು ಸಿಪ್ಪೆ ತೆಗೆಯಬೇಕು. ಎಳ್ಳು ಮತ್ತು ಹುರಿಗಡಲೆ ಇವುಗಳ ಜೊತೆ ಸೇರಿದರೆ ಐದು ಪದಾರ್ಥಗಳ ಎಳ್ಳು-ಬೆಲ್ಲ ತಯಾರು.

ಈ ಕಾಲವೂ ಸುಮ್ಮನೆ ಬಂದದ್ದಲ್ಲ. ಎಳ್ಳು, ಕಬ್ಬು, ಕಡಲೆಕಾಯಿ ಸುಗ್ಗಿಯಾಗಿ ಮನೆ ಸೇರಿರುವ ದಿನಗಳಿವು. ಎಳ್ಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆ. ಚಳಿಗೆ ಚರ್ಮ ಒಡೆಯುವ ಕಾಲದಲ್ಲಿ ಜಿಡ್ಡಿನ ಪದಾರ್ಥ ಒಗ್ಗುತ್ತದೆ ಎಂಬುದು ಹಿರಿಯರ ಅನುಭವ. ಜನವರಿಯ ಒಣಹವೆಯಲ್ಲಿ ಕೊಬ್ಬರಿ ಬೇಗ ಒಣಗುತ್ತದೆ, ಸಕ್ಕರೆಯೂ ಬೆವರುವುದಿಲ್ಲ. ಇದೇ ಕೆಲಸವನ್ನು ಆಷಾಢದ ಮಳೆಯಲ್ಲಿ ಮಾಡಲು ಹೊರಟರೆ ಅಚ್ಚುಗಳು ಗಾಳಿಯ ತೇವ ಹೀರಿ ಅಂಟಂಟಾಗುತ್ತವೆ.

ಅಚ್ಚಿನ ದಿನ ಬಂದಾಗ ಅಟ್ಟದಿಂದ ಹಳೆಯ ಪೆಟ್ಟಿಗೆ ಇಳಿಯುತ್ತದೆ. ಅದರೊಳಗೆ ಮರದ ಅಚ್ಚುಗಳು. ಎರಡು, ಮೂರು, ಕೆಲವೊಮ್ಮೆ ನಾಲ್ಕು ಹಲಗೆಗಳು ಒಂದಕ್ಕೊಂದು ಕೂಡಿಕೊಂಡರೆ ನಡುವೆ ಆನೆಯ ಆಕಾರದ ಟೊಳ್ಳು ಉಳಿಯುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಏನೆಂದು ತಿಳಿಯುವುದಿಲ್ಲ, ಎಲ್ಲವೂ ಉಲ್ಟಾ. ಉಬ್ಬಬೇಕಾದದ್ದು ತಗ್ಗಾಗಿದೆ, ತಗ್ಗಬೇಕಾದದ್ದು ಉಬ್ಬಾಗಿದೆ. ಕೆತ್ತಿದ ಬಡಗಿ ಎಲ್ಲವನ್ನೂ ತಲೆಯಲ್ಲಿ ತಿರುವಿಹಾಕಿ ಯೋಚಿಸಿದ್ದಾನೆ. ರೇಖಾಗಣಿತದ ಪುಸ್ತಕ ಓದದವನ ರೇಖಾಗಣಿತ ಅದು.

ಈ ಅಚ್ಚುಗಳನ್ನು ಕೆಲವು ಗಂಟೆ ನೀರಿನಲ್ಲಿ ನೆನೆಹಾಕುತ್ತಾರೆ. ಏಕೆ? ಒಣಮರ ಪಾಕದ ನೀರನ್ನು ಹೀರಿಕೊಳ್ಳುತ್ತದೆ. ನೀರಿನ ಜೊತೆ ಸಕ್ಕರೆಯೂ ಮರದ ರಂಧ್ರಗಳಿಗೆ ಇಳಿದು ಅಲ್ಲಿಯೇ ಹರಳುಗಟ್ಟಿದರೆ ಆನೆ ಅಚ್ಚನ್ನು ಬಿಟ್ಟು ಬರುವುದಿಲ್ಲ. ಮೊದಲೇ ನೀರು ಕುಡಿದ ಮರಕ್ಕೆ ಮತ್ತೆ ಬಾಯಾರಿಕೆಯಿಲ್ಲ.

ಬಾಣಲೆಯಲ್ಲಿ ಪ್ರಯೋಗಶಾಲೆ

ಇನ್ನು ಪಾಕ. ಸಕ್ಕರೆಗೆ ನೀರು ಸೇರಿಸಿ ಕುದಿಸುವಾಗ ಸ್ವಲ್ಪ ಹಾಲು ಹಾಕುತ್ತಾರೆ. ಬಿಳಿ ಬರಲಿ ಎಂದು ಹಾಲು ಹಾಕುವುದೆಂದು ಮಕ್ಕಳು ತಿಳಿದಿರುತ್ತಾರೆ. ನಿಜವಾದ ಕಾರಣ ಬೇರೆ. ಹಾಲಿನಲ್ಲಿರುವ ಪ್ರೋಟೀನು ಕಾವಿಗೆ ಹೆಪ್ಪುಗಟ್ಟುವಾಗ ಸಕ್ಕರೆಯೊಳಗಿನ ಸಣ್ಣ ಕಸ, ಕೊಳೆಯನ್ನು ತನ್ನೊಳಗೆ ಸಿಕ್ಕಿಸಿಕೊಂಡು ನೊರೆಯಾಗಿ ಮೇಲೇಳುತ್ತದೆ. ಆ ನೊರೆಯನ್ನು ತೆಗೆದು, ಪಾಕವನ್ನು ತೆಳುಬಟ್ಟೆಯಲ್ಲಿ ಸೋಸಿದರೆ ಸಿಗುವುದು ಕನ್ನಡಿಯಂಥ ತಿಳಿ ದ್ರವ. ಅದಕ್ಕೆ ಬಿಳಿಯ ಬಣ್ಣ ಇನ್ನೂ ಬಂದಿಲ್ಲ.

ಸೋಸಿದ ಪಾಕದಿಂದ ಒಂದೆರಡು ಸೌಟನ್ನು ಮಾತ್ರ ಚಿಕ್ಕ ಪಾತ್ರೆಗೆ ತೆಗೆದು ಮತ್ತೆ ಕಾಯಿಸುತ್ತಾರೆ. ನೀರು ಆವಿಯಾದಂತೆ ಪಾಕ ಕುದಿಯುವ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ದಾಟಿ ಮೇಲೇರುತ್ತದೆ. 112ರಿಂದ 116 ಡಿಗ್ರಿಯ ನಡುವೆ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟರೆ ಅದು ಕರಗದೆ ಮೆತ್ತನೆಯ ಉಂಡೆಯಾಗುತ್ತದೆ. ಆಗ ಪಾಕದ ನೂರು ಭಾಗದಲ್ಲಿ ಸುಮಾರು 85 ಭಾಗ ಸಕ್ಕರೆ. ಅಜ್ಜಿಯ ಬಳಿ ಉಷ್ಣಮಾಪಕ ಇರಲಿಲ್ಲ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಏಳುವ ಎಳೆಯೂ, ತಣ್ಣೀರಿನ ಬಟ್ಟಲಿನ ಉಂಡೆಯೂ ಆಕೆಯ ಮಾಪಕಗಳು. ಎರಡೂ ಮೋಸ ಮಾಡುವಂಥವಲ್ಲ.

ಮುಂದಿನ ಹಂತದಲ್ಲಿ ವಿಜ್ಞಾನ ಕಣ್ಣೆದುರೇ ನಡೆಯುತ್ತದೆ. 20 ಡಿಗ್ರಿಯಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಮಾತ್ರ ಕರಗಿಸಿಕೊಳ್ಳಬಲ್ಲದು. 100 ಡಿಗ್ರಿಯಲ್ಲಿ ಅದೇ ನೀರು 480 ಗ್ರಾಂಗಿಂತ ಹೆಚ್ಚು ಸಕ್ಕರೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಾಕ ತಣಿಯತೊಡಗಿದಾಗ ನೀರು ತನ್ನ ಶಕ್ತಿಗೆ ಮೀರಿ ಸಕ್ಕರೆಯನ್ನು ಹೊತ್ತಿರುತ್ತದೆ. ಇದೇ ಅತಿಪರ್ಯಾಪ್ತ ದ್ರಾವಣ. ಹೊರೆ ಇಳಿಸಲು ಅದು ಒಂದು ನೆಪಕ್ಕೆ ಕಾಯುತ್ತಿರುತ್ತದೆ. ಒಲೆಯಿಂದ ಇಳಿಸಿದ ಪಾಕವನ್ನು ಮರದ ಸೌಟಿನಿಂದ ಚೆನ್ನಾಗಿ ತಿರುವಿದಾಗ ಆ ನೆಪ ಸಿಗುತ್ತದೆ. ಒಮ್ಮೆಲೇ ಲೆಕ್ಕವಿಲ್ಲದಷ್ಟು ಸೂಕ್ಷ್ಮ ಹರಳುಗಳು ಹುಟ್ಟುತ್ತವೆ. ತಿಳಿಯಾಗಿದ್ದ ಪಾಕ ಮಂಜಾಗಿ, ಹಾಲಿನಂತೆ ಬೆಳ್ಳಗಾಗುತ್ತದೆ. ಕೋಟಿಗಟ್ಟಲೆ ಹರಳುಗಳ ಮೈಗೆ ಬಡಿದ ಬೆಳಕು ಎಲ್ಲ ದಿಕ್ಕಿಗೂ ಚದರುವುದೇ ಆ ಬಿಳುಪಿಗೆ ಕಾರಣ.

ಆ ಗಳಿಗೆಗೇ ಸುರಿಯಬೇಕು. ತಡವಾದರೆ ಪಾಕ ಪಾತ್ರೆಯಲ್ಲಿಯೇ ಕಲ್ಲಾಗುತ್ತದೆ. ಅವಸರವಾದರೆ ಅಚ್ಚಿನೊಳಗೆ ಅಂಟಾಗಿ ಕೂರುತ್ತದೆ. ಸರಿಯಾದ ಗಳಿಗೆ ಕೆಲವೇ ಕ್ಷಣಗಳದ್ದು. ದಾರ ಅಥವಾ ರಬ್ಬರ್ ಬ್ಯಾಂಡಿನಿಂದ ಬಿಗಿದ ಅಚ್ಚಿನೊಳಗೆ ಪಾಕ ಇಳಿದು ಹತ್ತು-ಹದಿನೈದು ನಿಮಿಷ ಕಳೆದ ಮೇಲೆ ಹಲಗೆಗಳನ್ನು ಬಿಡಿಸುತ್ತಾರೆ. ಮೊದಲ ಆನೆಯ ಕಾಲು ಮುರಿದಿರುವುದು ಸಾಮಾನ್ಯ. ಅದು ಮಕ್ಕಳ ಪಾಲು. ಉಳಿದ ಮುರುಕುಗಳನ್ನು ಮತ್ತೆ ನೀರಿಗೆ ಹಾಕಿ ಕರಗಿಸಿದರೆ ಮತ್ತೆ ಪಾಕ. ಹರಳುಗಟ್ಟುವುದು ಭೌತಿಕ ಬದಲಾವಣೆ, ಹಿಂದಕ್ಕೆ ತಿರುಗಿಸಬಹುದು ಎಂಬ ಪಾಠಕ್ಕೆ ಇದಕ್ಕಿಂತ ಸಿಹಿಯಾದ ಉದಾಹರಣೆ ಎಲ್ಲಿ ಸಿಕ್ಕೀತು?

ಕೆಲವರು ಪಾಕಕ್ಕೆ ಒಂದೆರಡು ಹನಿ ನಿಂಬೆರಸ ಹಾಕುವುದುಂಟು. ಕೈತಪ್ಪಿ ಹೆಚ್ಚು ಬಿದ್ದರೆ ಅಚ್ಚು ಗಟ್ಟಿಯಾಗುವುದಿಲ್ಲ. ಆಮ್ಲ ಮತ್ತು ಕಾವು ಸೇರಿ ಸಕ್ಕರೆಯ ಒಂದಷ್ಟು ಭಾಗವನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತವೆ. ಈ ಅಣುಗಳು ಸಕ್ಕರೆಯ ಅಣುಗಳ ಸಾಲಿನ ನಡುವೆ ನುಗ್ಗಿ ಹರಳು ಕಟ್ಟಲು ಬಿಡುವುದಿಲ್ಲ. ಮಿಠಾಯಿ ತಯಾರಿಸುವವರು ಗಾಜಿನಂಥ ಪೆಪ್ಪರಮಿಂಟು ಬೇಕಾದಾಗ ಇದನ್ನೇ ಬೇಕೆಂದು ಮಾಡುತ್ತಾರೆ. ತಿರುವದೆ, ದಾರ ಇಳಿಬಿಟ್ಟು, ದಿನಗಟ್ಟಲೆ ನಿಧಾನವಾಗಿ ಬೆಳೆಯಬಿಟ್ಟರೆ ದೊಡ್ಡ ಹರಳಿನ ಕಲ್ಲುಸಕ್ಕರೆ. ಜೋರಾಗಿ ತಿರುವಿದರೆ ನಯವಾದ ಸಕ್ಕರೆ ಅಚ್ಚು. ಪದಾರ್ಥ ಒಂದೇ, ಹದ ಬೇರೆ.

ಉತ್ತರದ ಕುಸುರೆಳ್ಳು

ತುಂಗಭದ್ರೆಯನ್ನು ದಾಟಿ ಉತ್ತರಕ್ಕೆ ಹೋದರೆ ಸಂಕ್ರಾಂತಿಯ ಕೈಗೆಲಸ ಬೇರೊಂದು ರೂಪ ತಾಳುತ್ತದೆ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಎಳ್ಳಿನ ಕಾಳಿಗೇ ಸಕ್ಕರೆಯ ಮುಳ್ಳು ಬರಿಸುವ ಕುಸುರೆಳ್ಳು. ಅಗಲವಾದ ಪರಾತದಲ್ಲಿ ಎಳ್ಳು ಹಾಕಿ, ಸಣ್ಣ ಕೆಂಡದ ಮೇಲಿಟ್ಟು, ಚಮಚದಿಂದ ತೆಳುಪಾಕ ಬಿಡುತ್ತ ಬೆರಳಿನಿಂದ ಆಡಿಸುತ್ತಲೇ ಇರಬೇಕು. ಒಣಗಿದ ಮೇಲೆ ಇನ್ನೊಂದು ಚಮಚ. ಮತ್ತೆ ಆಡಿಸಬೇಕು. ಗಂಟೆಗಳು ಕಳೆಯುತ್ತವೆ, ಕೆಲಸ ಮರುದಿನಕ್ಕೂ ಮುಂದುವರಿಯುತ್ತದೆ.

ಒಂದು ಎಳ್ಳಿನ ತೂಕ ಸುಮಾರು 3 ಮಿಲಿಗ್ರಾಂ. ಅಂದರೆ 30 ಗ್ರಾಂ ಎಳ್ಳಿನಲ್ಲಿ ಹತ್ತು ಸಾವಿರ ಕಾಳು. ಆ ಹತ್ತು ಸಾವಿರ ಕಾಳಿಗೂ ಸಮನಾಗಿ ಪಾಕ ತಾಗಬೇಕು. ಪ್ರತಿ ಸಲದ ಹೊಸ ಹರಳು ಹಳೆಯ ಹರಳನ್ನೇ ಹಿಡಿದು ಬೆಳೆಯುತ್ತದೆ. ಪ್ರಯೋಗಶಾಲೆಯಲ್ಲಿ ಇದಕ್ಕೆ ಬೀಜ ಹರಳು ಎನ್ನುತ್ತಾರೆ; ಇಲ್ಲಿ ಬೀಜವೂ ನಿಜವಾದದ್ದೇ. ಒಮ್ಮೆಗೇ ಹೆಚ್ಚು ಪಾಕ ಸುರಿದರೆ ಮುಳ್ಳೂ ಇಲ್ಲ, ಕಾಳೂ ಇಲ್ಲ, ಮುದ್ದೆ ಮಾತ್ರ.

ಇಷ್ಟು ಶ್ರಮಪಟ್ಟದ್ದನ್ನು ಚಿಟಿಕೆ ಚಿಟಿಕೆಯಾಗಿ ಬಂದವರ ಅಂಗೈಗೆ ಹಾಕಿ, "ಎಳ್ಳು-ಬೆಲ್ಲ ತಗೊಂಡು ಎಳ್ಳು-ಬೆಲ್ಲದಂಗ ಇರೋಣ" ಎನ್ನುತ್ತಾರೆ. ವರ್ಷವಿಡೀ ಮಾತು ಬಿಟ್ಟವರೂ ಅಂದು ಅಂಗೈ ಒಡ್ಡುವುದುಂಟು. ದಕ್ಷಿಣದಲ್ಲಿ ಇದಕ್ಕೆ ಜೊತೆಯಾದ ಮಾತು, "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು".

ಪೊಟ್ಟಣ ಬಂತು, ಮಾತು ಹೋಯಿತು

ಇಂದು ಬಹಳ ಮನೆಗಳಲ್ಲಿ ಈ ಕೆಲಸ ನಿಂತಿದೆ. ಅಂಗಡಿಯಲ್ಲಿ ಎಳ್ಳು-ಬೆಲ್ಲ ಸಿದ್ಧವಾಗಿ ಸಿಗುತ್ತದೆ. ಸಕ್ಕರೆ ಅಚ್ಚುಗಳೂ ಪ್ಲಾಸ್ಟಿಕ್ ಹೊದಿಕೆಯಲ್ಲಿ ಸಿಗುತ್ತವೆ. ಅಪ್ಪ-ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಹದಿನೈದು ದಿನ ಕೊಬ್ಬರಿ ಹೆಚ್ಚುತ್ತ ಕೂರುವವರು ಯಾರು? ಕೊಂಡು ತರುವವರನ್ನು ದೂರಿ ಪ್ರಯೋಜನವಿಲ್ಲ. ಹಿಂದೆ ಆ ಶ್ರಮವೆಲ್ಲ ಹೆಂಗಸರ ಪಾಲಿಗೇ ಬಿದ್ದಿತ್ತು, ಗಂಡುಮಕ್ಕಳು ತಿನ್ನಲು ಮಾತ್ರ ಬರುತ್ತಿದ್ದರು ಎಂಬುದನ್ನೂ ಮರೆಯಬಾರದು.

ಆದರೆ ಕಳೆದುಹೋದದ್ದೇನು ಎಂಬುದನ್ನು ಗುರುತಿಸಬೇಕು. ಒಂದೇ ಅಂಗಡಿಯಿಂದ ತಂದ ಪೊಟ್ಟಣವನ್ನು ಕೊಟ್ಟು, ಅದೇ ಅಂಗಡಿಯ ಪೊಟ್ಟಣವನ್ನು ಪಡೆದರೆ ಡಬ್ಬಿಯಲ್ಲಿ ಹನ್ನೊಂದು ಬಗೆ ಇರುವುದಿಲ್ಲ. ಮೇಲೆ ಮಾಡಿದ ಲೆಕ್ಕ ಅಲ್ಲಿ ನಿಜವಾಗಿಯೂ ಸೊನ್ನೆಗೆ ಬಂದು ನಿಲ್ಲುತ್ತದೆ. "ಪಾಕ ಎಷ್ಟು ಹದಕ್ಕೆ ತೆಗೆದಿರಿ? ಸೊಂಡಿಲು ಹೇಗೆ ಮುರಿಯಲಿಲ್ಲ?" ಎಂದು ಕೇಳಲು ಏನೂ ಉಳಿಯುವುದಿಲ್ಲ. ಆ ಪ್ರಶ್ನೆ ಕೇಳುವಾಕೆ ಸ್ವತಃ ಕೈ ಸುಟ್ಟುಕೊಂಡು, ನಾಲ್ಕು ಆನೆಗಳ ಸೊಂಡಿಲು ಮುರಿದುಕೊಂಡವಳು. ಆದ್ದರಿಂದಲೇ ಐದನೆಯದರ ಬೆಲೆ ಅವಳಿಗೆ ಗೊತ್ತು. ಆಕೆಯ ಮೆಚ್ಚುಗೆಗೆ ತೂಕವಿತ್ತು. ಒಬ್ಬಳ ತಪ್ಪು ಇನ್ನೊಬ್ಬಳಿಗೆ ಪಾಠವಾಗಿ, ಬೀದಿಯ ವಿದ್ಯೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿತ್ತು. ಈ ವಿದ್ಯೆಯ ಬಹುಭಾಗ ಪುಸ್ತಕದಲ್ಲಿಲ್ಲ, ಬೆರಳ ತುದಿಯಲ್ಲಿದೆ. ಆ ಬೆರಳುಗಳಿಗೆ ಈಗ ಎಪ್ಪತ್ತು-ಎಂಬತ್ತರ ವಯಸ್ಸು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಹಿಂದೆ ಎಳ್ಳಿನ ತಟ್ಟೆ ಎಲ್ಲ ಬೀದಿಗಳಿಗೂ ಹೋಗುತ್ತಿರಲಿಲ್ಲ. ಜಾತಿಯ ಗೆರೆ ಕಂಡಲ್ಲಿ ಅದು ನಿಲ್ಲುತ್ತಿತ್ತು. ಮನೆಯೊಳಗೇ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ದಿನವಿಡೀ ಕೊಬ್ಬರಿ ಹೆಚ್ಚಿಕೊಟ್ಟು, ತಟ್ಟೆ ಹೊರಡುವಾಗ ಒಳಕೋಣೆಯಲ್ಲಿ ಉಳಿಯಬೇಕಾಗುತ್ತಿತ್ತು. ಒಳ್ಳೆ ಮಾತಾಡು ಎನ್ನುವ ಹಬ್ಬಕ್ಕೆ ಇದು ಹೊಂದುವುದಿಲ್ಲ. ಹಳೆಯದನ್ನು ಉಳಿಸುವಾಗ ಪಾಕವನ್ನು ಸೋಸುವಂತೆ ಇದನ್ನೂ ಸೋಸಿ ತೆಗೆಯಬೇಕು.

ಜ್ಯೂರಿಕ್‌ನಿಂದ ಶಾಲೆಯ ಬೆಂಚಿಗೆ

ಮಾಡಿದವರ ನಡುವಿನ ವಿನಿಮಯ ನಮ್ಮ ನಾಡಿಗಷ್ಟೇ ಸೇರಿದ್ದಲ್ಲ. ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ನಗರದಲ್ಲಿ ವಾಂಚಿ ಸ್ಟಿರ್ನೆಮನ್ ಎಂಬ ಕಲಾವಿದ 1,200 ಪುಟ್ಟ ಚಿತ್ರಪಟಗಳನ್ನು ಕೈಯಿಂದ ತಯಾರಿಸಿ 1997ರಲ್ಲಿ ಪ್ರದರ್ಶನಕ್ಕಿಟ್ಟ. ಒಂದೊಂದರ ಅಳತೆ ಎರಡೂವರೆ ಇಂಚಿಗೆ ಮೂರೂವರೆ ಇಂಚು, ಆಟದ ಕಾರ್ಡಿನಷ್ಟು. ಪಟ ಬೇಕೆಂದವರು ಹಣ ಕೊಡುವಂತಿಲ್ಲ. ಅದೇ ಅಳತೆಯ ಪಟವೊಂದನ್ನು ತಾವೇ ಮಾಡಿ ತಂದು ಬದಲಾಯಿಸಿಕೊಳ್ಳಬೇಕು. ಈ ಪಟಗಳ ವಿನಿಮಯ ಮುಂದೆ ಕೆನಡಾಕ್ಕೆ, ಅಲ್ಲಿಂದ ಇನ್ನೂ ಹಲವು ದೇಶಗಳಿಗೆ ಹಬ್ಬಿತು. ಸಂಕ್ರಾಂತಿಯ ತಟ್ಟೆಯನ್ನು ಕಂಡವರಿಗೆ ಈ ನಿಯಮ ಹೊಸದೆನಿಸಲಾರದು.

ನಮ್ಮ ಶಾಲೆಗಳಲ್ಲಿ ಇದನ್ನು ಸುಲಭವಾಗಿ ಮಾಡಿನೋಡಬಹುದು. ಇಂದು 'ಪ್ರಾಜೆಕ್ಟ್' ಎಂದರೆ ಅಂಗಡಿಯಿಂದ ತಂದ ಚಿತ್ರ, ಅಪ್ಪ ಕತ್ತರಿಸಿದ ಥರ್ಮೋಕೋಲ್, ಅಮ್ಮ ಬರೆದ ಅಕ್ಷರ ಎಂಬಂತಾಗಿದೆ. ಅಂಕ ಸಿಕ್ಕ ಮರುದಿನ ಅದು ಕಸದ ಬುಟ್ಟಿಗೆ. ಇದರ ಬದಲು 40 ಮಕ್ಕಳ ತರಗತಿಯನ್ನು ಎಂಟೆಂಟು ಮಂದಿಯ ಐದು ಗುಂಪು ಮಾಡಿ. ಪ್ರತಿ ಮಗು ಅಂಗೈಯಗಲದ ರಟ್ಟಿನ ಮೇಲೆ ಏಳು ಪಟಗಳನ್ನು ಮಾಡಲಿ. ಒಣಗಿದ ಎಲೆ, ಬಟ್ಟೆಯ ಚೂರು, ಬೀಜ, ಬಣ್ಣ ಯಾವುದಾದರೂ ಆದೀತು. ಹಿಂಬದಿಯಲ್ಲಿ ಹೆಸರು, ದಿನಾಂಕ ಬರೆಯಲಿ. ಏಳನ್ನು ಕೊಟ್ಟು ಏಳನ್ನು ಪಡೆಯಲಿ. ಒಂದು ಗುಂಪಿನಲ್ಲಿ 28 ವಿನಿಮಯ. ಅಂಕ ಬೇಡ, ಬಹುಮಾನ ಬೇಡ. ಅಂಗಡಿಯಲ್ಲಿ ಕೊಂಡದ್ದು ಬೇಡ. ಹಣವಂತರ ಮಗುವಿಗೂ ಕೂಲಿಯವರ ಮಗುವಿಗೂ ಕೈಗಳು ಎರಡೇ ಆದ್ದರಿಂದ ಇಲ್ಲಿ ಯಾರೂ ಮುಂದಿಲ್ಲ, ಹಿಂದಿಲ್ಲ. ಚೆನ್ನಾಗಿ ಬರೆಯಲಾರದ, ಲೆಕ್ಕದಲ್ಲಿ ಹಿಂದೆ ಬಿದ್ದ ಹುಡುಗನ ಪಟವನ್ನು ಗೆಳೆಯನೊಬ್ಬ ಪುಸ್ತಕದ ನಡುವೆ ಜೋಪಾನವಾಗಿ ಇಟ್ಟುಕೊಂಡರೆ ಆ ಹುಡುಗನಿಗೆ ಆಗುವ ಧೈರ್ಯವನ್ನು ಅಂಕಪಟ್ಟಿ ಕೊಡಲಾರದು.

ಈ ಸಂಕ್ರಾಂತಿಗೆ

ಮನೆಯಲ್ಲಿ ಆರಂಭಿಸುವವರು ದೊಡ್ಡದಾಗಿ ಹೊರಡಬೇಕಿಲ್ಲ. ಕಾಲು ಕಿಲೋ ಸಕ್ಕರೆ, ಒಂದೇ ಅಚ್ಚು, ಒಂದು ಭಾನುವಾರದ ಬೆಳಗ್ಗೆ ಸಾಕು. ಎಳ್ಳು-ಬೆಲ್ಲವನ್ನು ಅಂಗಡಿಯಿಂದ ತಂದರೂ ಚಿಂತೆಯಿಲ್ಲ. ಸಕ್ಕರೆಯ ಆನೆಯೊಂದು ನಿಮ್ಮದಾಗಿರಲಿ. ಗಂಡುಮಕ್ಕಳೂ ಸೌಟು ಹಿಡಿಯಲಿ.

ಒಂದು ಎಚ್ಚರಿಕೆ ಮಾತ್ರ ಮುಖ್ಯ. ಪಾಕದ ಕಾವು ಕುದಿಯುವ ನೀರಿಗಿಂತ ಹೆಚ್ಚು, ಮೇಲಾಗಿ ಅದು ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಕಾಯಿಸುವ, ಸುರಿಯುವ ಕೆಲಸ ದೊಡ್ಡವರದು. ಅಚ್ಚು ನೆನೆಸುವುದು, ಬಿಗಿಯುವುದು, ಬಿಡಿಸುವುದು, ಹೊತ್ತು ನೋಡಿ ಬರೆದಿಡುವುದು ಮಕ್ಕಳದು. ಅಕಸ್ಮಾತ್ ಕೈ ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಶಾಯಿ, ಬೆಣ್ಣೆ, ಹಲ್ಲಿನ ಪೇಸ್ಟು ಹಚ್ಚಬಾರದು. ಗಾಯ ದೊಡ್ಡದಿದ್ದರೆ ವೈದ್ಯರಲ್ಲಿಗೆ ಹೋಗಬೇಕು.

ಅದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ಅಜ್ಜಿಯೋ, ದೊಡ್ಡಮ್ಮನೋ, ಪಕ್ಕದ ಮನೆಯ ಹಿರಿಯರೋ ಯಾರಾದರೂ ಅಚ್ಚು ಹಾಕಿ ಬಲ್ಲವರಿದ್ದರೆ ಮಕ್ಕಳು ಒಂದು ನೋಟುಪುಸ್ತಕ ಹಿಡಿದು ಅವರ ಪಕ್ಕದಲ್ಲಿ ಕೂರಲಿ. "ಹದ ಬಂದಾಗ ಇಳಿಸು" ಎಂದು ಅವರು ಹೇಳಿದರೆ, ಹದ ಎಂದರೇನು ಎಂದು ಕೇಳಲಿ. ಪಾಕ ಯಾವಾಗ ಮಂಜಾಯಿತು, ಎಷ್ಟು ಹೊತ್ತಿಗೆ ಗಟ್ಟಿಯಾಯಿತು ಎಂಬುದನ್ನು ಗಡಿಯಾರ ನೋಡಿ ಬರೆದುಕೊಳ್ಳಲಿ. ಮೊದಲ ವರ್ಷ ಆರು ಆನೆಗಳಲ್ಲಿ ನಾಲ್ಕು ಮುರಿದಾವು. ಉಳಿದ ಎರಡನ್ನು ತಟ್ಟೆಯಲ್ಲಿಟ್ಟು, ಇದುವರೆಗೆ ಎಳ್ಳು ಬೀರದ ಮನೆಯೊಂದರ ಬಾಗಿಲು ತಟ್ಟಲಿ. ಅಟ್ಟದ ಪೆಟ್ಟಿಗೆಯನ್ನು ಹಬ್ಬಕ್ಕೆ ವಾರವಿರುವಾಗಲೇ ಇಳಿಸಿಕೊಳ್ಳುವುದು ಒಳ್ಳೆಯದು. ವರ್ಷಗಟ್ಟಲೆ ಒಣಗಿದ ಮರ ನೆನೆಯಲು ಹೊತ್ತು ಹಿಡಿಯುತ್ತದೆ.